ಮರು ಎಣಿಕೆಯ ವಾರ

ಬೀದಿಯಲ್ಲಿ ಎಲ್ಲರಿಗೂ ಅವರು ಶಟರ್ ಮಾವ. ಅಂಗಡಿಗಳ ಶಟರ್ ರಿಪೇರಿ ಅವರ ಕಸುಬು. ಸ್ಪ್ರಿಂಗ್ ಸಡಿಲವಾದರೆ, ಪಟ್ಟಿ ಬಗ್ಗಿ ನಡುವೆಯೇ ಸಿಕ್ಕಿಕೊಂಡರೆ, ಗ್ರೀಸ್ ಡಬ್ಬಿ ಹಿಡಿದು ಬೈಯುತ್ತಲೇ ಬರುತ್ತಿದ್ದರು. ಬೈಗುಳ ಬಾಗಿಲಿಗೋ ಅಂಗಡಿಯವರಿಗೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಕಾಗದ, ಪೆನ್ನಿನ ಅಂಗಡಿ ಅವರಿಂದ ಎರಡು ಬಾಗಿಲು ಆಚೆ. ಬಾಗಿಲನ್ನು ಒದ್ದು ಎತ್ತುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಎಂಬುದು ಅವರ ದೂರು.

ಅರ್ಧ ಅಂಗಡಿ ಅವರದು, ಇನ್ನರ್ಧ ಅವರ ಹೆಂಡತಿಯದು, ನಮಗೆಲ್ಲ ಅವರು ಅತ್ತೆ. ಅತ್ತೆ ದಾರ, ಗುಂಡಿ, ಸೂಜಿ ಮಾರುತ್ತಿದ್ದರು. ನಡುವೆ ಗೋಡೆ ಇರಲಿಲ್ಲ. ಮಾವನ ಗ್ರೀಸ್ ಕೈ ಅತ್ತೆಯ ಬಿಳಿ ದಾರಕ್ಕೆ ತಾಗಿದ ದಿನ ಬೀದಿಗೆಲ್ಲ ಪುಕ್ಕಟೆ ನಾಟಕ. ಮಕ್ಕಳಿರಲಿಲ್ಲ. ಇದ್ದಿದ್ದರೆ ಜಗಳಕ್ಕೆ ಹೊತ್ತು ಸಾಲುತ್ತಿರಲಿಲ್ಲ ಎಂದು ಅತ್ತೆಯೇ ನಗುತ್ತಿದ್ದರು.

ನಮ್ಮದು ಹತ್ತು ಕಡೆಯಿಂದ ಬಂದವರ ಬೀದಿ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಒಬ್ಬರ ದೇವರು ಇನ್ನೊಬ್ಬರಿಗೆ ಏನೇನೂ ತಿಳಿಯುತ್ತಿರಲಿಲ್ಲ. ನೀರಿಗೆ ಜಗಳ, ಬೋರ್ಡಿಗೆ ಜಗಳ, ಕಸಕ್ಕಂತೂ ಮಹಾಯುದ್ಧ. ಆದರೆ ಸಾವಿಗೆ ಮಾತ್ರ ಎಲ್ಲರಿಗೂ ಒಂದೇ ಕ್ರಮ. ಬೀದಿಯವರು ಯಾರೇ ಹೋಗಲಿ, ಹೆಣ ತಿರುವು ದಾಟುವವರೆಗೆ ಅಷ್ಟೂ ಬಾಗಿಲು ಕೆಳಗೆ. ಸತ್ತವನು ಹಗೆಯಾಗಿದ್ದರೂ ಅಷ್ಟೇ.

ಅತ್ತೆ ತೀರಿಕೊಂಡ ದಿನ ಮನೆಮನೆಗೆ ಹೇಳಿಬಂದವನು ಗಡಿಯಾರ ರಿಪೇರಿಯವನು. ಮಾವನ ಪಕ್ಕದ ಅಂಗಡಿ, ಬೇರೆ ಮಾತಿನವನು, ಸಂಜೆಯ ಇಸ್ಪೀಟಿನಲ್ಲಿ ಮಾವನಿಗೆ ಮೋಸ ಮಾಡಿ ಗೆಲ್ಲುವ ಏಕೈಕ ಗಂಡಸು. ಎಲ್ಲರ ಬಾಗಿಲನ್ನೂ ಅವನೇ ಮುಚ್ಚಿಸಿದ, ಬಂದವರು ಕೂರಲು ಕುರ್ಚಿ ಹಾಕಿಸಿದ. ಮಾವ ಒಂದು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತೇ ಇದ್ದರು.

ಕೆಲವು ತಿಂಗಳ ಮೇಲೆ ನಗರಸಭೆಯವರು ಶಾಲೆಯ ಹಾಲ್‌ನಲ್ಲಿ ಸಭೆ ಕರೆದರು. ಮುಖ್ಯಬೀದಿಗೆ ಹೊಸ ಜೀವ ಕೊಡುವ ಯೋಜನೆಯಂತೆ. ಯೋಜನೆಯ ಮೇಡಂ ಕೆಟ್ಟವರಲ್ಲ. ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿದರು. ಅಗಲವಾದ ಫುಟ್‌ಪಾತ್, ಮರಗಳು, ದೀಪ, ಮುದುಕರು ಕೂರಲು ಬೆಂಚು ಎಂದಾಗ ಚಪ್ಪಾಳೆ ತಟ್ಟಿದೆವು. ಆಮೇಲೆ ಪರದೆಯ ಮೇಲೆ ಒಂದು ಫೋಟೊ ಬಂತು. ನಮ್ಮದೇ ಸಾಲು. ಎಲ್ಲ ಬಾಗಿಲೂ ಮುಚ್ಚಿವೆ, ಎದುರಿಗೆ ಕುರ್ಚಿಗಳಲ್ಲಿ ಜನ ಸುಮ್ಮನೆ ಕೂತಿದ್ದಾರೆ. ಸಮೀಕ್ಷೆಯವರು ಬಂದಾಗ ಈ ಸಾಲಿನಲ್ಲಿ ವ್ಯಾಪಾರವೇ ಕಾಣಲಿಲ್ಲ, ಜನರಿಗೆ ಕೆಲಸವೂ ಇದ್ದಂತಿಲ್ಲ, ಆದ್ದರಿಂದ ಇದನ್ನು ಕೆಡವಿ ವಾಹನ ನಿಲ್ಲಿಸಲು ಜಾಗ ಮಾಡುತ್ತೇವೆ ಎಂದರು.

ಅದು ಯಾವ ದಿನ ಎಂದು ಹಾಲ್‌ನಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಸತ್ತವರನ್ನು ಸಭೆಗೆ ಎಳೆಯುವುದು ಹೇಗೆ? ಕೊನೆಗೆ ಮಾವನೇ ಎದ್ದರು.

"ಆ ಕುರ್ಚೀಲಿ ತಲೆ ತಗ್ಗಿಸಿ ಕೂತಿರೋನು ನಾನು. ಒಳಗೆ ನನ್ನ ಹೆಂಡತೀನ ಮಲಗಿಸಿದ್ವಿ. ಅವಳಿಗೋಸ್ಕರ ಬಾಗಿಲು ಹಾಕಿದ್ರು ಮೇಡಂ. ವ್ಯಾಪಾರ ಇಲ್ಲ ಅಂತ ಅಲ್ಲ."

ಮೇಡಂ ಮುಖ ಸಪ್ಪಗಾಯಿತು. ಕ್ಷಮೆ ಕೇಳಿದರು. ಮುಂದಿನ ವಾರದಲ್ಲಿ ಒಂದು ದಿನ ಮತ್ತೆ ಎಣಿಸುತ್ತಾರೆ, ಯಾವ ದಿನ ಎಂದು ಮೊದಲೇ ಹೇಳುವಂತಿಲ್ಲ, ಅಂಗಡಿಗಳು ತೆರೆದು ಗಿರಾಕಿಗಳಿದ್ದರೆ ಸಾಲು ಉಳಿಯುತ್ತದೆ ಎಂದರು. ಇಲ್ಲದಿದ್ದರೆ ಇನ್ನು ತಮ್ಮ ಕೈಯಲ್ಲೂ ಏನೂ ಇಲ್ಲ.

ಮಾವನಿಗೆ ಹಳೆಯ ಗಂಟಲು ವಾಪಸು ಬಂತು. ಎಲ್ಲರ ಶಟರ್‌ಗೂ ಗ್ರೀಸ್ ಹಚ್ಚಿದರು. ಮಧ್ಯಾಹ್ನ ಕಣ್ಣು ಮುಚ್ಚುವ ದರ್ಜಿಯನ್ನು ನಿಂತುಕೊಂಡೇ ಹೊಲಿ ಎಂದು ಗದರಿದರು. ಆ ಅಂಗಡಿ ಬಿಟ್ಟರೆ ಅತ್ತೆಯ ಕೈಯಾಡಿದ ಜಾಗ ಅವರಿಗೆ ಬೇರೆ ಇರಲಿಲ್ಲ. ಅತ್ತೆಯ ಗುಂಡಿ ಡಬ್ಬಿಗಳನ್ನು ಅವರು ದಿನಾ ಒರೆಸಿಡುತ್ತಿದ್ದರು.

ವಾರದ ನಡುವೆ ಒಂದು ಬೆಳಗಿನ ಜಾವ ಗಡಿಯಾರದವನು ತೀರಿಕೊಂಡ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನೂ ಮಗಳೂ ಇಬ್ಬರೇ ಇದ್ದರು. ಬಾಗಿಲು ತೆಗೆಯುವ ಹೊತ್ತಿಗೆ ಅವಳು ಇಳಿದು ಬಂದಳು.

"ಮಾವ, ಊಟದ ಹೊತ್ತಿಗಿಂತ ಮುಂಚೆ ತಗೊಂಡು ಹೋಗ್ತೀವಿ. ಬೀದಿಗೆ ನೀವೇ ಹೇಳ್ತೀರಲ್ವಾ?"

ಮಾವ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತಾ ಇದ್ದರು. "ಈ ವಾರ ಆಗಲ್ಲಮ್ಮ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ತುಂಬಿತು, ದನಿ ಏರಲಿಲ್ಲ. "ಅತ್ತೆ ಹೋದಾಗ ಅಪ್ಪ ಒಂದು ಅಂಗಡೀನೂ ಬಿಡದೆ ಹೋಗಿ ಹೇಳಿದ್ರು."

"ಅವನಿದ್ದಿದ್ರೆ ಅವನೂ ತೆಗೆದೇ ಇರಿ ಅಂತಿದ್ದ."

"ಅಪ್ಪ ಹಾಗನ್ನೋರಲ್ಲ ಮಾವ."

ಮಾವನಿಗೂ ಅದು ಗೊತ್ತಿತ್ತು.

ಅವಳು ಮೇಲೆ ಹೋದ ಮೇಲೆ ಮಾವ ಬೀದಿಗಿಳಿದರು. ಯಾರೂ ಹೇಳದೆಯೇ ಆಗಲೇ ಕೆಲವರು ಬಾಗಿಲು ಎಳೆದಿದ್ದರು. ಅವನ್ನೆಲ್ಲ ಮಾವ ತಮ್ಮ ಕೈಯಾರೆ ಮೇಲಕ್ಕೆತ್ತಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅರ್ಧ ಇಳಿಸೋಣ ಎಂದ ದರ್ಜಿ. ಅರ್ಧ ಇಳಿಸಿದ್ದನ್ನೂ ಅವರು ಮುಚ್ಚಿದೆ ಎಂದೇ ಬರೆದುಕೊಳ್ಳುತ್ತಾರೆ ಎಂದರು ಮಾವ. ನನ್ನ ಬಾಗಿಲಿಗೆ ಬಂದಾಗ ಬೈಯಲಿಲ್ಲ. ಸುಮ್ಮನೆ ಎತ್ತಿಟ್ಟು ಮುಂದೆ ಹೋದರು.

ಹೆಣ ಹೊರಟಿತು. ಯಾರೋ ರೇಡಿಯೊ ಆರಿಸಿದರು, ಅಷ್ಟೇ. ತರಕಾರಿಯವರು ತೂಗುತ್ತಲೇ ಇದ್ದರು, ದರ್ಜಿಯ ಮಿಷನ್ ಓಡುತ್ತಲೇ ಇತ್ತು. ಹಿಂದೆ ನಡೆಯುತ್ತಿದ್ದ ಮಗಳು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಮಾವ ತಮ್ಮ ಅಂಗಡಿಯ ಮುಂದೆ ನೆಟ್ಟಗೆ ನಿಂತಿದ್ದರು. ಹೆಗಲು ಕೊಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುತ್ತಾರೆ?

ಎಣಿಸುವ ಹುಡುಗಿ ಬಂದದ್ದು ಅದೇ ಹೊತ್ತಿಗೆ. ಯಾಕೆ ಜನ ಸೇರಿದ್ದಾರೆ ಎಂದು ಮಾವನನ್ನೇ ಕೇಳಿದಳು.

"ಸಾವು," ಎಂದರು ಮಾವ.

"ಅಯ್ಯೋ. ಆದ್ರೂ ಅಂಗಡಿ ಎಲ್ಲ ತೆಗೆದಿದ್ದೀರಲ್ಲ, ಒಳ್ಳೇದಾಯ್ತು," ಎಂದು ಅವಳು ಬರೆದುಕೊಂಡಳು.

ಸಾಲು ಉಳಿಯಿತು. ಫುಟ್‌ಪಾತ್ ಬಂತು, ಸಸಿ ನೆಟ್ಟರು. ಮಾವ ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ಅವರಿಂದಾಗಿ ನನ್ನ ಮನೆಯ ಒಲೆ ಉರಿಯುತ್ತಿದೆ, ಹೆಣದ ಹಿಂದೆ ಗಡಿಯಾರದವನ ಮಗಳು ನಡೆದದ್ದು ನೆನಪಾದರೆ ಅದೇ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅವಳು ಅಂಗಡಿ ಬಿಟ್ಟುಕೊಟ್ಟು ಹೊರಟುಹೋದಳು. ಹೋಗುವಾಗ ಮಾವನಿಗೆ ಹೇಳಿ ಹೋಗಲಿಲ್ಲ. ಆಮೇಲೆ ಬೀದಿಯಲ್ಲಿ ಇನ್ನೂ ಸಾವುಗಳಾದವು. ಎಣಿಸುವವರು ಯಾರೂ ಬರಲಿಲ್ಲ, ಬಾಗಿಲನ್ನೂ ಯಾರೂ ಹಾಕಲಿಲ್ಲ. ಒಮ್ಮೆ ತಪ್ಪಿದ್ದು ತಪ್ಪಿಯೇ ಹೋಯಿತು.

ಮೊನ್ನೆ ಮಾವ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ತುಂಬಾ ಇಳಿದುಹೋಗಿದ್ದಾರೆ. ಸ್ವಲ್ಪ ಹೊತ್ತು ಕೆಮ್ಮಿ, "ನನ್ನ ಸರದಿ ಬಂದಾಗ ನೀನೂ ಅಂಗಡಿ ತೆಗೆದೇ ಇರು ಕಣೇ. ಮುಚ್ಚಿ ಅಂತ ಕೇಳೋಕೆ ನನಗೆ ಬಾಯಿಲ್ಲ," ಎಂದರು.

ನಾನು ಮುಚ್ಚುತ್ತೇನೆ ಮಾವ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಗಿರಾಕಿ ಬಂದರು. ಎದ್ದು ಹೋಗಿ ಅವರಿಗೆ ಪೆನ್ನು ತೋರಿಸಿದೆ.