ಅಮ್ಮನ ಬಂಗು

ಹುತ್ತೂರಿನ ಹತ್ತಿರದ ನಮ್ಮ ಊರಿನ ಮನೆಯಲ್ಲಿ, ನಡುಮನೆಯ ಗೋಡೆಯ ಮೇಲೆ ಅಮ್ಮನ ಫೋಟೋ ಇದೆ. ಅದು ಅಮ್ಮನ ಮುಖವಲ್ಲ. ಸೀರೆ ಅವಳದೇ, ಮೂಗುತಿ ಅವಳದೇ, ತುಟಿಯ ಕೊನೆಯಲ್ಲಿ ತಡೆದಿಟ್ಟ ನಗುವೂ ಅವಳದೇ. ಮುಖ ಮಾತ್ರ ಕೋಲಾರದ ಸ್ಟುಡಿಯೋದವನು ಮಾಡಿಕೊಟ್ಟದ್ದು. ಬಂದವರು "ಎಷ್ಟು ಲಕ್ಷಣವಾಗಿದ್ರು" ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಅವಳ ನಿಜವಾದ ಮುಖ ಈ ಮನೆಯಲ್ಲಿ ಎಲ್ಲಾದರೂ ಉಳಿದಿರಬಾರದೇ ಎಂದು ಹುಡುಕಿ ಸಾಕಾಗಿದೆ. ಮೊಬೈಲಿನಲ್ಲಿ ತೆಗೆಯಲು ಹೋದರೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಇರುವ ಫೋಟೋಗಳಲ್ಲಿ ಅವಳ ಬೆನ್ನಿದೆ, ಕೈಯಿದೆ, ಸೊಪ್ಪಿನ ಹೊರೆಯಿದೆ.

ಅಮ್ಮ ಕಪ್ಪು. ಎಣ್ಣೆಗಪ್ಪು ಅನ್ನುತ್ತೇವಲ್ಲ, ಆ ಬಣ್ಣ. ಎರಡೂ ಕೆನ್ನೆಯ ಮೇಲೆ, ಮೂಗಿನ ಮೇಲೆ ಅದಕ್ಕಿಂತ ಗಾಢವಾದ ಬಂಗು. ನಾನು ಹುಟ್ಟಿದ ಮೇಲೆ ಬಂದದ್ದಂತೆ. ಹಾಗಾಗಿ ಬಂಗಿಲ್ಲದ ಅಮ್ಮನನ್ನು ನಾನು ಕಂಡೇ ಇಲ್ಲ.

ನಮ್ಮದು ಹುಳ ಮೇಯಿಸುವ ಮನೆ. ರೇಷ್ಮೆ ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆ ಎತ್ತಿ ಮಂಕಾಗಿ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೆಯದೇ ಕೊನೆಯ ಜ್ವರ. ಅದರಿಂದ ಎದ್ದಿತೆಂದರೆ ಹುಳಕ್ಕೆ ಹಸಿವೋ ಹಸಿವು. ಆ ವಾರವೆಲ್ಲ ಅಮ್ಮ ಹಿಪ್ಪುನೇರಳೆ ತೋಟದಲ್ಲೇ, ಬಿಸಿಲಲ್ಲೇ. ಬಂಗು ಕಾವಲಿಯ ತಳದ ಹಾಗೆ ಕಪ್ಪಾಗುತ್ತಿತ್ತು. ಗೂಡು ಮಾರ್ಕೆಟ್ಟಿಗೆ ಹೋಗಿ, ಮುಂದಿನ ಮರಿ ಬರುವವರೆಗಿನ ಬಿಡುವಿನಲ್ಲಿ ಕೊಂಚ ತಿಳಿಯಾಗುತ್ತಿತ್ತು. ಅಪ್ಪ ಹುಳದ ಮನೆಗೆ ಕಾಲಿಡದೆ, ಅವಳ ಮುಖ ನೋಡಿಯೇ ಬೆಳೆ ಎಲ್ಲಿಗೆ ಬಂತೆಂದು ಹೇಳುತ್ತಿದ್ದರು.

"ಏನಮ್ಮೀ, ನಾಲ್ಕನೇ ಜ್ವರ ಎದ್ದಂಗೈತೆ?"

"ಹೋಗಯ್ಯಾ ಅತ್ಲಾಗೆ!" ಎಂದು ಅಮ್ಮ ಕೈಯಲ್ಲಿದ್ದ ಸೊಪ್ಪನ್ನೇ ಅವರ ಮೇಲೆ ಎಸೆಯುತ್ತಿದ್ದಳು. ಅವಳನ್ನು ಹಾಗೆ ರೇಗಿಸುವ ಹಕ್ಕು ಅಪ್ಪನೊಬ್ಬರಿಗೇ ಇತ್ತು.

ಬಂಗಿನ ಔಷಧಿಗಳೆಲ್ಲ ಆ ಬಿಡುವಿನ ದಿನಗಳಿಗೇ ಕಾದಿರಬೇಕಿತ್ತು. ಹುಳದ ಮನೆಗೆ ಪೌಡರು, ಸೆಂಟು, ಬೀಡಿ, ಯಾವ ಘಾಟೂ ಕೂಡದು. ನಮ್ಮ ಗೂಡು ಕೊಂಡು ನೂಲು ತೆಗೆಯುತ್ತಿದ್ದ ಸಾಬರ ಮನೆಯಾಕೆ, "ಜಾಯಿಕಾಯಿ ಹಾಲಲ್ಲಿ ತೇಯ್ದು ಹಚ್ಚು ಮಾ, ಓಡಿಹೋಗ್ತದೆ" ಎಂದು ತೇಯುವ ಕಲ್ಲನ್ನೂ ಕೊಟ್ಟಿದ್ದರು. ಆ ಕಲ್ಲಿನ ವಾಸನೆ ಈಗಲೂ ನನಗೆ ರಜೆಯ ವಾಸನೆ. ನಿಂಬೆಹಣ್ಣು ಉಜ್ಜಿ ಸುಟ್ಟುಕೊಂಡದ್ದಾಯಿತು, ಟೊಮೆಟೊ ಹೋಳು ಅಂಟಿಸಿಕೊಂಡದ್ದಾಯಿತು. ಯಾರೋ ಹೇಳಿದರೆಂದು ಮೆಡಿಕಲ್ ಶಾಪಿನ ಟ್ಯೂಬೊಂದನ್ನು ತರಿಸಿ ಹಚ್ಚಿದಳು. ಬೇಗನೆ ಬೆಳ್ಳಗಾಯಿತು, ಆಮೇಲೆ ಕೆಂಪಗೆ ಉರಿಯಿತು, ಕೊನೆಗೆ ಮೊದಲಿಗಿಂತ ಕಪ್ಪಾಯಿತು.

ನನ್ನ ಮದುವೆ ಗೊತ್ತಾದಾಗ ಅಮ್ಮನಿಗೆ ಒಂದೇ ಚಿಂತೆ, ಫೋಟೋಕ್ಕೆ ನಿಲ್ಲಬೇಕಲ್ಲ. ನಾನೇ ಕೋಲಾರದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಟ್ಯೂಬನ್ನು ನಿಲ್ಲಿಸಿದರು. "ನಮ್ಮ ಬಣ್ಣದ ಚರ್ಮಕ್ಕೆ ಸಿಟ್ಟು ಬಂದ್ರೆ ಕಪ್ಪಾಗ್ತದೆ. ಉಜ್ಜಬೇಡಿ, ಸುಡಬೇಡಿ. ಬಿಸಿಲು ತಾಗದ ಹಾಗೆ ನೋಡ್ಕೊಳ್ಳಿ, ನಿಧಾನಕ್ಕೆ ತಿಳಿಯಾಗುತ್ತೆ" ಎಂದು ಸನ್‌ಸ್ಕ್ರೀನ್ ಬರೆದುಕೊಟ್ಟರು.

ಮದುವೆ ಹತ್ತಿರ ಬಂತು. ಕ್ರೀಮು ಖಾಲಿಯಾಗುತ್ತಿತ್ತು, ಬಂಗು ಇದ್ದಲ್ಲೇ ಇತ್ತು. ಸರಿಯಾಗಿ ಹಚ್ಚುತ್ತಿದ್ದೀಯಾ ಎಂದು ಗದರಿದೆ.

"ದಿನಾ ಹಚ್ಕೊತೀನಿ ಕಣೇ. ಹಗಲು ಹಚ್ಕೊಂಡು ಹೋದ್ರೆ ಘಾಟಿಗೆ ಹುಳ ಮೇವು ಬಿಡ್ತಾವೆ. ಅದಕ್ಕೆ ಎಲ್ಲಾ ಮುಗಿಸಿ, ಮುಖ ತೊಳ್ಕೊಂಡು, ಮಲಗೋವಾಗ ಹಚ್ಕೊತೀನಿ."

"ಅಯ್ಯೋ, ಅದು ಬಿಸಿಲಿನ ಕ್ರೀಮಮ್ಮಾ!"

"ಗೊತ್ತು ಬಿಡು. ನಾಳೆ ಬಿಸಿಲಿಗೆ ಅಂತ ಇವತ್ತೇ ಹಚ್ಕೊಳ್ಳೋದು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ಆದರೆ ಹಗಲಿನಲ್ಲಿ ಹಚ್ಚಲು ಒಪ್ಪಲಿಲ್ಲ. ಮುಖಕ್ಕಿಂತ ಹುಳ ಹೆಚ್ಚು ಅವಳಿಗೆ. 

ಮದುವೆಯಲ್ಲಿ ನನ್ನ ಬಲವಂತಕ್ಕೆ ಒಮ್ಮೆ, ಒಂದೇ ಒಮ್ಮೆ, ಸೆರಗು ತೆಗೆದು ಕ್ಯಾಮೆರಾ ಮುಂದೆ ನಿಂತಳು. ಆಲ್ಬಮ್ ಬಂದಾಗ ನೋಡಿದರೆ ಬಂಗೂ ಇಲ್ಲ, ಕಪ್ಪೂ ಇಲ್ಲ. "ಅಮ್ಮಗಾರನ್ನ ತೆಲ್ಲಗ ಮಾಡಿಬಿಟ್ಟಿದ್ದೀನಿ ನೋಡಿ ಅಕ್ಕಾ, ಹಾಲಿನ ಥರ!" ಎಂದು ಫೋಟೋಗ್ರಾಫರ್ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೆಮ್ಮೆಯಿಂದ ಹೇಳಿದ. ಅಮ್ಮ ಪುಟವನ್ನು ತುಂಬ ಹೊತ್ತು ನೋಡಿದಳು. "ನೋಡ್ದಾ, ಕ್ರೀಮು ಕೆಲಸ ಮಾಡೈತೆ" ಅಂದಳು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಅಪ್ಪ ಒಮ್ಮೆ ಬಗ್ಗಿ ನೋಡಿ ಎದ್ದು ಹೋದರು.

ಅಮ್ಮ ಹೋದಾಗ ಚೌಕಟ್ಟಿಗೆ ಸಿಕ್ಕಿದ್ದು ಅದೊಂದೇ. ಅವಳ ಹಿಂದೆಯೇ ಹುಳವೂ ಹೋಯಿತು, ತೋಟದಲ್ಲಿ ಈಗ ನನ್ನ ತಮ್ಮ ಟೊಮೆಟೊ ಇಟ್ಟಿದ್ದಾನೆ. ಅಪ್ಪ ದಿನವೂ ಆ ಫೋಟೋದ ಕೆಳಗೇ ಕೂರುತ್ತಾರೆ, ತಲೆ ಎತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಅಮ್ಮ ಹೋದ ಮೇಲೆ ರೇಗಿಸುವುದನ್ನೂ ಬಿಟ್ಟಿದ್ದರು.

ಎರಡನೇ ಬಾಣಂತನದ ನಂತರ ನನಗೂ ಬಂಗು ಬಂತು. ಅದೇ ಕೆನ್ನೆ, ಅದೇ ಮೂಗು. ನನಗೆ ಎಲ್ಲಾ ಗೊತ್ತಲ್ಲ. ಬೆಳಗ್ಗೆಯೇ ಕ್ರೀಮು, ತಲೆಗೆ ಟೋಪಿ, ಉಜ್ಜುವ ಮಾತಿಲ್ಲ. ತಿಳಿಯಾಗುತ್ತಲೂ ಇತ್ತು. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಕ್ರೀಮು ಮರೆತು ಹೋಗಿದ್ದೆ. ತಮ್ಮನ ಹೆಂಡತಿಯ ಜೊತೆ ನಾಲ್ಕು ದಿನ ಟೊಮೆಟೊ ಬಿಡಿಸಿದ್ದಕ್ಕೆ ಬಂಗು ಮತ್ತೆ ಗಾಢವಾಯಿತು. ಒಂದು ಮಧ್ಯಾಹ್ನ ತೋಟದಿಂದ ಬಂದು, ಮುಖ ತೊಳೆದು, ನಡುಮನೆಯಲ್ಲಿ ಒರೆಸಿಕೊಳ್ಳುತ್ತಾ ನಿಂತಿದ್ದೆ. ಫೋಟೋದ ಕೆಳಗೆ ಕೂತಿದ್ದ ಅಪ್ಪ ತಲೆ ಎತ್ತಿದರು. ನನ್ನನ್ನೇ ನೋಡುತ್ತಾ ಕೂತರು.

"ಏನಮ್ಮೀ, ನಾಲ್ಕನೇ ಜ್ವರ ಎದ್ದಂಗೈತೆ?"

ಅಮ್ಮನ ಉತ್ತರ ಬಾಯಿ ತುದಿಗೆ ಬಂತು. ಒರೆಸುವುದನ್ನು ಬಿಟ್ಟು, ಅಪ್ಪ ಚೆನ್ನಾಗಿ ನೋಡಲಿ ಎಂದು ಬಾಗಿಲ ಬೆಳಕಿಗೆ ಸರಿದು ನಿಂತೆ.