ಸುಣ್ಣ ಬಳಿದ ಗೋಡೆ

ರಂಜಿತಳಿಗೆ ಚಿಂತೆ ಹೊಸದಲ್ಲ. ಮಗು ಅತ್ತರೆ ಹೊಟ್ಟೆನೋವೇ ಎಂದು, ಅಳದಿದ್ದರೆ ಅಳುವ ಶಕ್ತಿಯೂ ಉಡುಗಿತೇ ಎಂದು. ಆದರೆ ಮೂರು ದಿನದಿಂದ ಒಂದು ಗೋಡೆಯ ಬಗ್ಗೆ ಚಿಂತಿಸುತ್ತ ಕೂತದ್ದು ಇದೇ ಮೊದಲು.

ಮೈಸೂರಿನಲ್ಲಿ ಓದಿ ಪಾಂಡವಪುರಕ್ಕೆ ಸೊಸೆಯಾಗಿ ಬಂದವಳು ಅವಳು. ಗಂಡನಿಗೆ ಕಾರ್ಖಾನೆಯ ಕೆಲಸ, ಅದರ ಜೊತೆಗೊಂದು ಆರೋಗ್ಯ ವಿಮೆಯ ಕಾರ್ಡು. ಕಾರ್ಡಿದ್ದ ಮನೆಗಳ ಬಾಣಂತಿ, ಮಕ್ಕಳನ್ನು ನೋಡಿಕೊಂಡು ಹೋಗಲು ಬರುತ್ತಿದ್ದವಳು ದಾದಿ ಚಿಕ್ಕಬೋರಮ್ಮ. ಬಂದ ದಿನ ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣಿನಲ್ಲಿ ತಾರೀಕು ಬರೆಯಬೇಕು. ತಪಾಸಣೆಗೆ ಬಂದವರು ಓದುವುದು ಅದನ್ನೇ.

ಉಳಿದ ಮನೆಗಳಿಗೆ ತಿಂಗಳಿಗೊಂದು ತಾರೀಕು. ರಂಜಿತಳ ಗೋಡೆಗೆ ಮೂರು ತಿಂಗಳಲ್ಲಿ ಹದಿನೇಳು. ಹೇಳಿಕಳಿಸಿದಾಗಲೆಲ್ಲ ಚಿಕ್ಕಬೋರಮ್ಮ ಗೊಣಗದೆ ಬರುತ್ತಿದ್ದಳು. ಕುಟುಕದೆ ಮಾತ್ರ ಹೋಗುತ್ತಿರಲಿಲ್ಲ.

"ಮಗ ಗುಂಡ್ಕಲ್ಲಂಗವ್ನೆ ಕಣವ್ವ, ಕಾಯ್ಲೆ ಇರಾದು ನಿಂಗೆ. ಇನ್ನೆಲ್ಡು ಸೀನು ಸೀನುದ್ರೆ ನಿಮ್ಮತ್ತೆ ಪಡಸಾಲೆ ಗೋಡೇಗೂ ಬರೀಬೇಕಾಯ್ತದೆ."

ಬೀದಿಯ ಹೆಂಗಸರು ತಾರೀಕು ಎಣಿಸಿ ನಗತೊಡಗಿದಾಗ ರಂಜಿತಳಿಗೆ ತಡೆಯಲಾಗಲಿಲ್ಲ. ಅತ್ತೆ ಮನೆಯಲ್ಲಿಲ್ಲದ ದಿನ ನೋಡಿ, ತಾನೇ ಸುಣ್ಣ ಬಳಿದುಬಿಟ್ಟಳು.

ಮಾರನೆಯ ಬೆಳಿಗ್ಗೆಯೇ ತಪಾಸಣೆಯ ಅಧಿಕಾರಿ ರಂಗಸ್ವಾಮಿ ಬಂದರು. ಬಾಗಿಲು ತಟ್ಟುವ ಗೋಜಿಗೂ ಹೋಗದೆ, ಹಾಲಿನಂಥ ಗೋಡೆ ಕಂಡು, ಈ ಮನೆಗೆ ಚಿಕ್ಕಬೋರಮ್ಮ ಕಾಲೇ ಇಟ್ಟಿಲ್ಲವೆಂದು ಬರೆದುಕೊಂಡು ಹೊರಟರು. ಅವಳು ಬಂದಿದ್ದಳೆಂದು ಮನೆಯವರು ಸೋಮವಾರ ಸಂಜೆಯೊಳಗೆ ಅವರಿಗೆ ಫೋನ್ ಮಾಡಿ ಹೇಳದಿದ್ದರೆ ಅವಳ ಕೆಲಸ ಹೋದಂತೆಯೇ. ಸಂಜೆ ಈ ಸುದ್ದಿ ತಂದ ಚಿಕ್ಕಬೋರಮ್ಮ ಸುಣ್ಣ ಬಳಿದವರು ಯಾರೆಂದು ಕೇಳಲಿಲ್ಲ. ರಂಜಿತಳ ಉಗುರು ನೋಡಿ, "ಚೆಂದಾಗ್ ಬಳ್ದಿದ್ದೀಯ ಕಣವ್ವ" ಅಂದಳಷ್ಟೆ.

ಹೇಳುವುದು ಕಷ್ಟವಿರಲಿಲ್ಲ. ಎಲ್ಲಿಂದ ಹೇಳುವುದು ಎಂಬುದೇ ಕಷ್ಟ. ಇದ್ದದ್ದು ಕೆಂಪಣ್ಣನ ಎಸ್.ಟಿ.ಡಿ. ಬೂತೊಂದೇ, ಅದರ ಬಾಗಿಲು ಎಳೆದರೂ ಮುಚ್ಚುತ್ತಿರಲಿಲ್ಲ, ಆಡಿದ ಮಾತು ಹೊರಗೆ ಕೇಳುತ್ತಿತ್ತು. ಸೋಮವಾರ ಅವಳು ಹೋದಾಗ ಹೊರಗೆ ಬೀದಿಯ ಅರ್ಧ ಹೆಂಗಸರು ಸರದಿಯಲ್ಲಿದ್ದರು.

ಚಿಕ್ಕಬೋರಮ್ಮ ಬರುತ್ತಿದ್ದಳೆಂದು ರಂಜಿತ ಫೋನಿನಲ್ಲಿ ಪಿಸುಗುಟ್ಟಿದಳು. ಎಷ್ಟು ಸಲ, ಯಾತಕ್ಕೆ ಎಂದು ರಂಗಸ್ವಾಮಿ ಕೇಳಿದರು. ಲೈನು ಸರಿಯಿಲ್ಲ, ಜೋರಾಗಿ ಹೇಳಬೇಕಮ್ಮ ಎಂದರು.

ರಂಜಿತ ಕಣ್ಣು ಮುಚ್ಚಿ ಕೂಗಿದಳು:

"ಹದಿನೇಳು ಸಲ ಸಾರ್. ಒಂಬತ್ತು ಬಿಕ್ಕಳಿಕೆಗೆ, ಏಳು ಸೀನಿಗೆ. ಇನ್ನೊಂದ್ಸಲ ಮಗು ತುಂಬಾ ಹೊತ್ತು ನಿದ್ದೆ ಮಾಡ್ತು ಅಂತ. ಬರ್ಕೊಳ್ಳಿ, ಸುಣ್ಣ ಬಳಿದೋಳು ನಾನೇ."