ಮೂರನೆಯ ಪಿನ್ನು

ಒಗೆಯಲು ಹಾಕುವ ಮೊದಲು ಶರ್ಟಿನ ಜೇಬು ನೋಡುವುದು ನನ್ನ ಹೆಂಡತಿಯ ಅಭ್ಯಾಸ. ಕಳೆದ ಸೋಮವಾರ ಅವಳ ಕೈಗೆ ಒಂದು ಹಿತ್ತಾಳೆಯ ಪಿನ್ನು ಸಿಕ್ಕಿತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲೆ ದಪ್ಪಗೆ ಇರುತ್ತದಲ್ಲ, ಅದು.

"ಇದು ಎಂತದ್ದು, ಇಲ್ಲಿ?"

ಎಂಥದ್ದೆಂದು ನನಗೆ ಗೊತ್ತಿತ್ತು. ಅದು ನನ್ನ ಜೇಬಿನಲ್ಲಿ ಇರಬಾರದು ಎಂಬುದೂ ಗೊತ್ತಿತ್ತು. ಏಕೆಂದರೆ ಅಷ್ಟರಲ್ಲಿ ನಾನು ಮೂರು ಜನರಿಗೆ, ಅದನ್ನು ಕಿತ್ತವನು ಹಮೀದ್ ಎಂದು ಹೇಳಿಯಾಗಿತ್ತು.

ಹಮೀದ್ ಬಂಟ್ವಾಳದವನು, ನನ್ನ ಕಾಲೇಜಿನ ಗೆಳೆಯ. ಬಹಳ ವರ್ಷ ಸೌದಿಯ ದಮ್ಮಾಮಿನಲ್ಲಿದ್ದು ಊರಿಗೆ ಬಂದವನು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕಿತ್ತು, ಮಂಚ, ಸಣ್ಣ ಫ್ರಿಜ್, ಫ್ಯಾನ್ ಇಟ್ಟು ಕ್ಯಾಂಪರ್ ವ್ಯಾನ್ ಮಾಡಿಸಿದ. "ಫಸ್ಟ್ ಟ್ರಿಪ್ಪಿಗೆ ದೂರ ಬೇಡ ಮಾರಾಯ. ವೇಣೂರಿಗೆ ಹೋಗುವ. ಟೀಚರ ಅಂಗಳ ಉಂಟು" ಎಂದ.

ಟೀಚರ್ ಎಂದರೆ ಅವನಿಗೆ ಐದನೇ ಕ್ಲಾಸಿನಲ್ಲಿ ಕಲಿಸಿದ ಸುನಂದಾ ಟೀಚರ್. ನಿವೃತ್ತರಾಗಿ ವೇಣೂರಿನಲ್ಲಿದ್ದಾರೆ.

ಹೊರದೇಶದ ಕ್ಯಾಂಪಿಂಗ್ ಜಾಗಗಳಲ್ಲಿ ವ್ಯಾನಿಗೆ ಕರೆಂಟು ಕೊಡಲೆಂದೇ ಕಂಬಗಳಿರುತ್ತವಂತೆ. ನಮಗೆ ಎಲ್ಲಿಯ ಕಂಬ? ಯಾರದೋ ಮನೆಯ ಜಗಲಿ, ಒಂದು ಎಕ್ಸ್‌ಟೆನ್ಶನ್ ವಯರು. (ಕೇಳಿದರೆ ಇಲ್ಲ ಎನ್ನುವವರು ನಮ್ಮ ಕಡೆ ಇಲ್ಲ. ಅಪಾಯವೂ ಅಲ್ಲೇ ಇದೆ.)

ಜಗಲಿಯಲ್ಲಿದ್ದದ್ದು ಎರಡು ತೂತಿನ ಹಳೆಯ ಪ್ಲಗ್ ಪಾಯಿಂಟ್. ಟೀಚರ್ ಆಗಲೇ ಹೇಳಿದ್ದರು: "ಒಳಗೆ ಬಾ ಹಮೀದಾ. ಅಡಿಗೆಮನೆಯಲ್ಲಿ ಮಿಕ್ಸಿಯದ್ದು ಮೂರು ತೂತಿನದ್ದು ಉಂಟು."

"ಬೇಡ ಟೀಚರ್, ಇಲ್ಲೇ ಸಾಕು."

ಯಾಕೆ ಬೇಡ? ಹಮೀದ್ ಆಗಷ್ಟೇ ವ್ಯಾನಿನೊಳಗೆ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದ. ಟೀಚರದ್ದು ಜೈನರ ಮನೆ. ಮೀನಿನ ಕೈಯಲ್ಲಿ ಆ ಅಡಿಗೆಮನೆಗೆ ಹೋಗುವುದೆಂದರೇನು! ಐದನೇ ಕ್ಲಾಸಿನ ಹುಡುಗನ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

ದಪ್ಪ ಪಿನ್ನನ್ನು ತಿರುಗಿಸಿ ತೆಗೆದದ್ದಾಯಿತು. ಉಳಿದೆರಡು ಜಗಲಿಯ ತೂತಿಗೆ ಸರಿಯಾಗಿ ಕೂತವು. ವಯರನ್ನು ವ್ಯಾನಿನ ಬಾಗಿಲಿನಿಂದ ಒಳಗೆ ಎಳೆದು, ಸೊಳ್ಳೆ ಬರುತ್ತದೆಂದು ಅದರ ಮೇಲೆಯೇ ಬಾಗಿಲು ಎಳೆದುಕೊಂಡೆವು. ಫ್ರಿಜ್ ಗುಂಯ್ ಎಂದಿತು. ಇನ್ನೇನು ಬೇಕು?

ಐದು ಗಂಟೆಯ ಹೊತ್ತಿಗೆ ಟೀಚರ್ ಗೋಳಿಬಜೆಯ ತಟ್ಟೆ ಹಿಡಿದು ಬಂದರು. ಧೂಳು ಏಳಬಾರದೆಂದು ಅಂಗಳಕ್ಕೆ ಅವರೇ ನೀರು ಚಿಮುಕಿಸಿದ್ದರು. ವ್ಯಾನಿನ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟರು. ಬಾಗಿಲ ಹಿಡಿಗೆ ಕೈ ಹಾಕಿದರು.

ತಟ್ಟೆ ಬಿತ್ತು. ಅವರು ಕೂಗಲಿಲ್ಲ. ಕೈ ಹಿಡಿಯನ್ನು ಬಿಡಲಿಲ್ಲ.

ನಾನು ಒಳಗಿದ್ದೆ. ನನ್ನ ಕೈಯೂ ಕಿಟಕಿಯ ಕಬ್ಬಿಣದ ಮೇಲೇ ಇತ್ತು. ನನಗೇನೂ ಆಗಲಿಲ್ಲ. ಬಾಗಿಲು ಸರಿಸಿ ಅವರ ಕೈ ಹಿಡಿಯಲು ಹೊರಟೆ. ಆಗಲೇ ಚಪ್ಪಲಿ ಹಾಕಿ ಅಂಗಳಕ್ಕೆ ಇಳಿದಿದ್ದ ಹಮೀದ್ "ಮುಟ್ಬೇಡ!" ಎಂದು ಕಿರುಚಿ ಜಗಲಿಗೆ ಓಡಿ ಪ್ಲಗ್ ಕಿತ್ತ. ಟೀಚರ್ ಒದ್ದೆ ನೆಲದ ಮೇಲೆ ಕುಸಿದು ಕೂತರು.

ಬಾಗಿಲಿಗೆ ಸಿಕ್ಕಿ ವಯರು ಸುಲಿದಿತ್ತು. ಕರೆಂಟು ವ್ಯಾನಿನ ಮೈಗೆಲ್ಲ ಇಳಿದಿತ್ತು. ಕೆಳಗೆ ರಬ್ಬರಿನ ಚಕ್ರ. ಕರೆಂಟಿಗೆ ಹೋಗಲು ದಾರಿಯಿಲ್ಲ. ಹಾಗಾಗಿ ಒಳಗಿದ್ದವರಿಗೆ ಏನೂ ತಿಳಿಯುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟಿದವರೇ ದಾರಿಯಾಗುತ್ತಾರೆ. ಮೂರನೆಯ ಪಿನ್ನು ಇದ್ದು, ಅದಕ್ಕೊಂದು ಮೂರನೆಯ ತೂತು ಸಿಕ್ಕಿದ್ದರೆ? ಕರೆಂಟು ಆ ದಾರಿಯಲ್ಲಿ ಭೂಮಿಗೆ ಹೋಗಿ ಫ್ಯೂಸು ಹಾರುತ್ತಿತ್ತು. ಅಷ್ಟೇ.

ಅದೇ ವ್ಯಾನಿನಲ್ಲಿ ಮೂಡುಬಿದಿರೆಗೆ ಓಡಿಸಿದೆವು. ಡಾಕ್ಟರು ಇಸಿಜಿ ತೆಗೆದರು, ಸ್ವಲ್ಪ ಹೊತ್ತು ಮಲಗಿಸಿದರು, ಹೃದಯ ಸರಿ ಉಂಟು ಎಂದರು. ಬಲಗೈಗೆ ಜೋಮು ಉಳಿದಿತ್ತು.

ವಾಪಸು ಬರುವಾಗ ಟೀಚರ್ ಮಂಚದ ಮೇಲೆ ಕೂತು ಸುತ್ತ ನೋಡಿದರು. "ಒಳ್ಳೆ ಮನೆಯ ಹಾಗೇ ಉಂಟು. ಚಪ್ಪಲಿ ಹಾಕಿಕೊಂಡು ಹತ್ತುವುದು ಹೇಗೆ, ಹೇಳು?" ಆಮೇಲೆ, "ಹಮೀದಾ, ಫ್ರಿಜ್ಜಿನಲ್ಲಿ ಮೀನು ಉಂಟಲ್ಲವಾ?"

ಸ್ಟೇರಿಂಗ್ ಹಿಡಿದಿದ್ದ ಹಮೀದ್ ಕನ್ನಡಿಯಲ್ಲಿ ಟೀಚರನ್ನು ನೋಡಿದ.

"ಅದಕ್ಕೇ ಒಳಗೆ ಬರಲಿಲ್ಲ. ಕೈ ತೊಳೆದು ಬಂದಿದ್ದರೆ ಆಗುತ್ತಿತ್ತು, ಮಾರಾಯ."

ಅವರದ್ದೊಂದು ಸಂಕೋಚ, ನಮ್ಮದೊಂದು ಸಂಕೋಚ, ಎರಡೂ ಸೇರಿ ಸರ್ಕ್ಯೂಟು ಪೂರ್ಣವಾಯಿತು ಎಂದು ಬರೆದು ಮುಗಿಸಬಹುದು. ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಾಣುವುದರಿಂದಲೇ ನನಗೆ ಅನುಮಾನ.

ಮರುದಿನ ಬೆಳಿಗ್ಗೆ ಟೀಚರ್ ಎಡಗೈಯಲ್ಲಿ ಕೊಡಪಾನ ಹಿಡಿದು ಮನೆಯ ಹಿಂದೆ ಹೊರಟರು. ಗೋಡೆಯ ಬುಡದಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ತಿಂಗ್ ಗುಂಡಿ. ಮೂರನೆಯ ತೂತಿನ ವಯರು ಭೂಮಿಗೆ ಇಳಿಯುವುದು ಅಲ್ಲಿ. "ಬೇಸಗೆಯಲ್ಲಿ ಇದಕ್ಕೆ ದಿನಾ ನೀರು ಹಾಕಬೇಕು. ಒಣಗಿದರೆ ಅರ್ತ್ ಸಿಗುವುದಿಲ್ಲ" ಎಂದರು. ಹಮೀದ್ ಕೊಡಪಾನ ತೆಗೆದುಕೊಂಡು ತಾನೇ ಸುರಿದ. ದಿನಾ ನೀರು ಹೊಯ್ದು ಅವರು ಉಳಿಸಿಕೊಂಡ ಭೂಮಿಯ ಸಂಪರ್ಕವನ್ನು ನಾವು ಒಂದು ಸ್ಕ್ರೂಡ್ರೈವರಿನಲ್ಲಿ ಬಿಡಿಸಿದ್ದೆವು.

ನಾವು? ಇಷ್ಟು ದಿನ 'ಹಮೀದ್' ಎನ್ನುತ್ತಿದ್ದೆ. ನನ್ನ ನೆನಪು ಸ್ಪಷ್ಟವಾಗಿತ್ತು: ಅವನು ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದಾನೆ, ನಾನು ಟಾರ್ಚು ಹಿಡಿದಿದ್ದೇನೆ. ಸಂಜೆ ನಾಲ್ಕರ ಬಿಸಿಲಿನಲ್ಲಿ ಟಾರ್ಚು ಯಾಕೆ?

ಪಿನ್ನು ಸಿಕ್ಕ ಮೇಲೆ ಫೋನ್ ಮಾಡಿದೆ.

"ನನ್ನ ಕೈ ತುಂಬ ಮಸಾಲೆ ಇತ್ತಲ್ಲ, ಮಾರಾಯ" ಎಂದ ಹಮೀದ್. ಕೋಪವಿರಲಿಲ್ಲ. "ಇರಲಿ. ನಾನು ಬೇಡ ಅನ್ಬೇಕಿತ್ತು."

ನನ್ನ ಕೈಗೆ ಏನೂ ಹತ್ತಿರಲಿಲ್ಲ. ಅಡಿಗೆಮನೆಗೆ ನಾನೇ ಹೋಗಬಹುದಿತ್ತು. ಯಾಕೆ ಹೋಗಲಿಲ್ಲ? ಉದಾಸೀನ, ಅಷ್ಟೇ.

ಹಮೀದ್ ಈಗ ವ್ಯಾನಿಗೆ ಇಎಲ್‌ಸಿಬಿ ಹಾಕಿಸಿದ್ದಾನೆ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು ಅದು. ವಯರಿಗೆ ಬಾಗಿಲಲ್ಲ, ಪ್ರತ್ಯೇಕ ಕಿಂಡಿ. ಮೊದಲು ವ್ಯಾನಿಗೆ ಸಿಕ್ಕಿಸಿ, ಆಮೇಲೆ ಗೋಡೆಗೆ. ಅದೂ ಮೂರು ತೂತಿನದ್ದಿದ್ದರೆ ಮಾತ್ರ. ಟೆಸ್ಟರಿನಿಂದ ವ್ಯಾನಿನ ಮೈ ಮುಟ್ಟಿ ನೋಡಿದ ಮೇಲೆಯೇ ಯಾರಾದರೂ ಹತ್ತುವುದು. ಚಪ್ಪಲಿ ಬಿಡುವುದು ಒಳಗೆ.

ಜೇಬಿನಲ್ಲಿ ಸಿಕ್ಕ ಪಿನ್ನನ್ನು ಇಡೋಣವೆಂದು ನಮ್ಮ ಮನೆಯ ಹತಾರಗಳ ಡ್ರಾಯರ್ ಎಳೆದೆ. ಅಲ್ಲಿ ಅಂಥವೇ ಇನ್ನೂ ಎರಡಿದ್ದವು.

ಅವುಗಳ ಪ್ಲಗ್ಗುಗಳು ಈಗ ನಮ್ಮ ಮನೆಯ ಯಾವ ಗೋಡೆಯಲ್ಲಿವೆ?